ಆ್ಯಪೇಶ್ವರನ ಮುಂದೆ ಒಡಪು

ಎಪ್ರಿಲ್ 4, ಶುಕ್ರವಾರ

ಶಲವಡಿ ಗ್ರಾಮದ ಖಾಯಂ ರಹಿವಾಸಿಯೂ, ಪದವಿ ಮುಗಿಸಿ ನೌಕರಿ ಹುಡುಕುವ ಘನಕಾರ್ಯದಲ್ಲಿ ನಿರತನೂ ಆದ ಕಾಶಿನಾಥ ಎಂಬ ನಾನು ಇಂದಿನಿಂದ ಮನೆಯ ವಿದ್ಯುತ್ ವಾಹನದ ಸಾರಥ್ಯವನ್ನು ವಹಿಸಿಕೊಂಡಿದ್ದೇನೆಂದು ಈ ಮೂಲಕ ನನಗೆ ನಾನೇ ತಿಳಿಯಪಡಿಸುತ್ತೇನೆ. ಆಕ್ಷೇಪಣೆಗಳಿದ್ದಲ್ಲಿ ಸಲ್ಲಿಸಲು ಬೇರೆ ಯಾರೂ ಈ ಡೈರಿ ಓದುವುದಿಲ್ಲ.

ವಾಹನವೆಂದರೆ ಅಪ್ಪ ಹುಬ್ಬಳ್ಳಿಯಲ್ಲಿ ಯಾರದೋ ಕೈಯಿಂದ ಕೊಂಡ ಹಳೆಯ ಬ್ಯಾಟರಿ ಕಾರು. ಸವಾರರು ಇಬ್ಬರು: ಅಜ್ಜ ಶಂಕ್ರಪ್ಪ, ಅಜ್ಜಿ ಗುರವ್ವ. ಅಜ್ಜನ ಎರಡೂ ಮೂತ್ರಪಿಂಡಗಳು ಕೆಲಸ ಬಿಟ್ಟಿವೆ. ಮಂಗಳವಾರ ಮತ್ತು ಶುಕ್ರವಾರ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಡಾಕ್ಟರರು ಹೇಳಿದ್ದು ಒಂದೇ ಮಾತು: "ಒಂದು ಪಾಳಿನೂ ತಪ್ಪಿಸಬ್ಯಾಡ್ರಿ." ಆ ಮಾತು ಹೇಳುವಾಗ ಅವರು ಅಪ್ಪನನ್ನು ಬಿಟ್ಟು ನನ್ನನ್ನು ಯಾಕೆ ನೋಡಿದರೋ ತಿಳಿಯದು.

ರಾತ್ರಿ ಮನೆಯ ಕರೆಂಟಿಗೆ ಹಚ್ಚಿದರೆ ಹೋಗಿಬರಲು ಸಾಕಾಗುತ್ತದೆ. ಸಾಲದಿದ್ದರೆ ಅಣ್ಣಿಗೇರಿ ದಾಟಿದ ಮೇಲೆ ಹುಬ್ಬಳ್ಳಿ ರಸ್ತೆಯಲ್ಲಿ, ಮಲಿಕಾಬಿಯ ಚಹಾದಂಗಡಿಯ ಬಾಜೂಕೆ, ಒಂದು ಚಾರ್ಜಿಂಗ್ ಪೆಟ್ಟಿಗೆ ನಿಂತಿದೆ. ಅದು ರೊಕ್ಕ ಮುಟ್ಟುವುದಿಲ್ಲ, ಕಾರ್ಡು ಮುಟ್ಟುವುದಿಲ್ಲ. ಅದರದೇ ಆ್ಯಪ್ ಬೇಕು, ಆ್ಯಪಿನೊಳಗೆ ಮುಂಗಡ ರೊಕ್ಕ ಬೇಕು. ನಾನು ಅದಕ್ಕೆ ಶ್ರೀ ಆ್ಯಪೇಶ್ವರನೆಂದು ನಾಮಕರಣ ಮಾಡಿದ್ದೇನೆ. ಪ್ರಸನ್ನನಾದರೆ ಹಸಿರು ದೀಪ, ಮುನಿದರೆ ಕೆಂಪು. ನಡುವೆ ಒಂದು ಚಕ್ರ ತಿರುಗುತ್ತದೆ.

ಹೊಸ ಸದಸ್ಯರಿಗೆ ಮೊದಲ ಚಾರ್ಜಿಗೆ ರಿಯಾಯಿತಿ ಇತ್ತು. ನನ್ನದನ್ನು ಹೋದ ವಾರ ಅಪ್ಪನ ಜೊತೆ ಬಂದಾಗಲೇ ಮುಗಿಸಿದ್ದೆ. ಹಾಗಾಗಿ ಅಜ್ಜಿಯ ಮೊಬೈಲಿನಲ್ಲಿ ಅಜ್ಜಿಯ ಹೆಸರಲ್ಲೇ ಖಾತೆ ತೆರೆದೆ. ಕಡೆಗೆ ಅದು ಒಂದು ಗುಪ್ತಪ್ರಶ್ನೆ ಆರಿಸಲು ಹೇಳಿತು. ಓದಿದ ಶಾಲೆ, ಹುಟ್ಟಿದ ಊರು, ಗಂಡನ ಅಥವಾ ಹೆಂಡತಿಯ ಹೆಸರು.

ಇಲ್ಲಿ ನನ್ನ ಬುದ್ಧಿಗೆ ಒಂದು ದಿವ್ಯಪ್ರಕಾಶ ಗೋಚರಿಸಿತು. ಅಜ್ಜಿ ಮದುವೆಯಾದಂದಿನಿಂದ ಅಜ್ಜನ ಹೆಸರನ್ನು ಬಾಯಿಬಿಟ್ಟು ಹೇಳಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ನನ್ನ ಕಡೆ ಕೈ ಮಾಡುತ್ತಾಳೆ. ಲಗ್ನದ, ಬಸುರಿಯ ಕುಬಸದ ಮನೆಗಳಲ್ಲಿ ಹೆಂಗಸರು ಅಡ್ಡಗಟ್ಟಿ ಪೀಡಿಸಿದಾಗ ಮಾತ್ರ ಒಡಪು ಕಟ್ಟಿ, ಪ್ರಾಸದೊಳಗೆ ಹೆಸರು ಮುಚ್ಚಿಟ್ಟು, ಮುಖಕ್ಕೆ ಸೆರಗು ಹಿಡಿದುಕೊಂಡು ಒಳಗೆ ಓಡುತ್ತಾಳೆ. ಬರಿಯ ಹೆಸರನ್ನು ಅವಳ ಬಾಯಿಂದ ಹೊರಡಿಸಲು ನಮ್ಮ ಮನೆತನದ ಎರಡು ತಲೆಮಾರು ಸೋತಿವೆ.

ನಾನು "ಗಂಡನ ಹೆಸರು" ಎಂಬುದನ್ನು ಒತ್ತಿ, ಉತ್ತರದ ಜಾಗದಲ್ಲಿ ಶಂಕ್ರಪ್ಪ ಎಂದು ಬರೆದೆ.

ಎಪ್ರಿಲ್ 8, ಮಂಗಳವಾರ

ಮಹಾಪ್ರಯೋಗದ ವರದಿ.

ಸೋಮವಾರ ರಾತ್ರಿ ಕರೆಂಟು ಬಂದು ಹೋಗಿ ಮಾಡಿದ್ದರಿಂದ ಕಾರು ಅರೆಹೊಟ್ಟೆಯಲ್ಲಿತ್ತು. ಮಲಿಕಾಬಿಯ ಅಂಗಡಿಯ ಹತ್ತಿರ ನಿಲ್ಲಿಸಿ, ಗನ್ನನ್ನು (ಪೆಟ್ರೋಲ್ ಬಂಕಿನ ಹಾಗೆಯೇ ಇದಕ್ಕೂ ಗನ್ ಎನ್ನುತ್ತಾರೆ) ಕಾರಿಗೆ ಸಿಕ್ಕಿಸಿ, ಅಜ್ಜಿಯನ್ನು ಕರೆದೆ.

"ಅಜ್ಜಿ, ಪೆಟ್ಟಿಗಿ ನಿನ್ನ ಗಂಡನ ಹೆಸರ ಕೇಳಾಕತ್ತೈತಿ. ಬಗ್ಗಿ ಅದರ ಕಿವ್ಯಾಗ ಹೇಳು. ಇಲ್ಲಂದ್ರ ಕರೆಂಟ್ ಬಿಡಂಗಿಲ್ಲ ಅಂತೈತಿ."

ಅಜ್ಜಿ ಪೆಟ್ಟಿಗೆಯನ್ನು ಮೇಲಿಂದ ಕೆಳಗೆ ನೋಡಿದಳು. "ಇದರ ಕಿವಿ ಎಲ್ಲೈತಿ?"

"ಇಲ್ಲೆ, ಈ ತೂತು."

"ಅದರಾಗ ನಿನ್ನ ಮೂಗ ಹಾಕು," ಎಂದು ಹೇಳಿ ಬೆಂಚಿನ ಮೇಲೆ ಹೋಗಿ ಕುಳಿತಳು. ಮಲಿಕಾಬಿ ಚಹಾ ಸೋಸುತ್ತಿದ್ದವಳು ಜಾಳಿಗೆ ಕೆಳಗಿಟ್ಟು ನಕ್ಕಳು. ಅವಳ ಗಂಡ ಮಶಾಕಸಾಬ ಅಲ್ಲೇ ಬನ್ನು ಜೋಡಿಸುತ್ತಿದ್ದ. ಅವಳೂ ಅವನನ್ನು ಮಗಳ ಹೆಸರು ಹಿಡಿದು "ಹಸೀನಾನ ಅಬ್ಬಾ" ಎಂದೇ ಕರೆಯುವುದು.

"ತಮ್ಮಾ, ನಾ ಆದ್ರೂ ಹೇಳಂಗಿಲ್ಲ ತಗೋ," ಎಂದಳು ಮಲಿಕಾಬಿ.

"ಯಾಕ್ರಿ? ಹೇಳಿದ್ರ ಏನಾಕ್ಕೈತಿ?"

ಉತ್ತರ ಅಜ್ಜಿಯಿಂದ ಬಂತು. ನಗದೆ ಹೇಳಿದಳು. "ಆಯುಷ್ಯ ಕಡಿಮಿ ಆಕ್ಕೈತಿ. ನಮ್ಮಕ್ಕ ಶಿವಗಂಗವ್ವ ಬ್ಯಾಂಕಿನ್ಯಾಗ ಸಾಹೇಬ ಗದರಿಸಿದಾ ಅಂತ ಒಂದ ಸಲ ಗಂಡನ ಹೆಸರ ಹೇಳಿದ್ಲು. ಮುಂದಿನ ಉಗಾದಿಗೆ ಆಕಿ ಗಂಡ ಇರಲಿಲ್ಲ."

ಆ ಹಿರಿಯರಿಗೆ ಆಗ ತೊಂಬತ್ತರ ಹತ್ತಿರ ವಯಸ್ಸಾಗಿತ್ತೆಂಬುದನ್ನು ದಾಖಲೆಗಾಗಿ ಇಲ್ಲಿ ನಮೂದಿಸುತ್ತೇನೆ. ಅಲ್ಲಿ ಹೇಳಲಿಲ್ಲ. ಹೇಳುವಷ್ಟರಲ್ಲಿ ಆ್ಯಪೇಶ್ವರ ಮುನಿದಿದ್ದ. ಆ್ಯಪಿಗೆ ಮುಂಗಡ ಹಾಕಿದ್ದೆ. ಬ್ಯಾಂಕಿನಿಂದ ಹೋಯಿತು, ಆ್ಯಪಿಗೆ ಬರಲಿಲ್ಲ. ಚಕ್ರ ತಿರುಗಿತು. ಮತ್ತೆ ಹಾಕಿದೆ. ಮತ್ತೆ ತಿರುಗಿತು. ಅಜ್ಜ ಕಾರಿನೊಳಗಿಂದ "ಆತೇನೋ ಕಾಶ್ಯಾ?" ಎಂದ. "ಆತಜ್ಜಾ," ಎಂದೆ. ಆಗಿರಲಿಲ್ಲ.

ಸಹಾಯವಾಣಿಗೆ ಫೋನ್ ಮಾಡಿದರೆ, ಖಾತೆದಾರರೇ ಮಾತಾಡಬೇಕು ಎಂದರು. ಅಜ್ಜಿ ನನ್ನ ಕಡೆ ಬೆನ್ನು ಮಾಡಿ ಕುಳಿತಿದ್ದಳು. ಹಾಗಾಗಿ ಅನಿವಾರ್ಯವಾಗಿ ನನ್ನ ಕಲಾಪ್ರತಿಭೆಯನ್ನು ಬಳಸಬೇಕಾಯಿತು. ಗಂಟಲು ತೆಳ್ಳಗೆ ಮಾಡಿ, "ಯವ್ವಾ, ನಾ ಗುರವ್ವ ಮಾತಾಡಾಕತ್ತೀನಿ. ಗಂಡನ ಹೆಸರೇನ ಕೇಳ್ತೀ, ಹೇಳಾಕ ನಾಚಿಗಿ ಬರತೈತಿ," ಎಂದೆ. ಮಲಿಕಾಬಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆ ಕಡೆಯ ಹುಡುಗಿ "ಸರ್, ಈ ಕರೆಯನ್ನು ನಮೂದಿಸಿಕೊಂಡಿದ್ದೇವೆ," ಎಂದು ಇಟ್ಟಳು.

ಅಷ್ಟರಲ್ಲಿ ಹಾಕಿದ ರೊಕ್ಕ ತಾನೇ ಬಂದು ಹಸಿರು ದೀಪ ಹತ್ತಿತು. ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ಮುಟ್ಟಿದೆವು. ಪ್ರಯೋಗ ವಿಫಲ. ಮುಂದಿನ ಪ್ರಯತ್ನದ ದಿನಾಂಕವನ್ನು ತರುವಾಯ ಪ್ರಕಟಿಸಲಾಗುವುದು.

ಎಪ್ರಿಲ್ 12, ಶನಿವಾರ

ನಿನ್ನೆಯ ಪಾಳಿ ಸುಸೂತ್ರ.

ನಿನ್ನೆ ಸಂಜೆಯ ಬಿರುಗಾಳಿಗೆ ನಮ್ಮ ಓಣಿಯ ಟಿ.ಸಿ. (ಕರೆಂಟಿನ ಟ್ರಾನ್ಸ್‌ಫಾರ್ಮರ್) ಸುಟ್ಟಿತು. ಕಂಬದ ಮೇಲೆ ನೀಲಿ ಬೆಂಕಿ ಹಾರಿದ್ದನ್ನು ಓಣಿಯ ಹುಡುಗರೆಲ್ಲ ಚಪ್ಪಾಳೆ ತಟ್ಟಿ ನೋಡಿದರು. ನಾನೂ ತಟ್ಟಿದೆ. ಆಮೇಲೆ ಕಾರಿನ ನೆನಪಾಗಿ ಕೈ ನಿಂತವು. ಹೊಸ ಟಿ.ಸಿ. ಬರುವುದು ಮುಂದಿನ ವಾರವಂತೆ. ಅಲ್ಲಿಯವರೆಗೆ ಆ್ಯಪೇಶ್ವರನೇ ಗತಿ.

ಎಪ್ರಿಲ್ 15, ಮಂಗಳವಾರ

ಇವತ್ತು ಪಾಳಿ ತಪ್ಪಿತು.

ಬರೆಯಲು ಮನಸ್ಸಿಲ್ಲ. ಆದರೂ ಹೇಗಾಯಿತೆಂದು ಕ್ರಮವಾಗಿ ಬರೆದರೆ ಎಲ್ಲಿ ತಪ್ಪಿದೆನೆಂದು ತಿಳಿದೀತು.

ಕಾರಿನಲ್ಲಿದ್ದ ಚಾರ್ಜು ಹುಬ್ಬಳ್ಳಿಗೆ ಸಾಲುವಂತಿರಲಿಲ್ಲ, ಮಲಿಕಾಬಿಯ ಅಂಗಡಿಗೆ ಹೋಗಿ ಮನೆಗೆ ತಿರುಗಿ ಬರಲು ಸಾಕಿತ್ತು. ಪೆಟ್ಟಿಗೆಯ ಮುಂದೆ ನಿಂತು ಅಜ್ಜಿಯ ಖಾತೆಗೆ ಮುಂಗಡ ಹಾಕಿದೆ. ಬ್ಯಾಂಕಿನಿಂದ ಹೋಯಿತು. ಆ್ಯಪಿನಲ್ಲಿ "ಪ್ರಕ್ರಿಯೆಯಲ್ಲಿದೆ" ಎಂದು ಬಂತು. ನನ್ನ ಖಾತೆಗೆ ಹಾಕಿದೆ. ಅದೂ ಪ್ರಕ್ರಿಯೆಯಲ್ಲಿದೆ. ಮತ್ತೆ ಅಜ್ಜಿಯದಕ್ಕೆ. ಮತ್ತೆ, ಮತ್ತೆ. ಬ್ಯಾಂಕಿನಲ್ಲಿ ಹಾಕಲು ಏನೂ ಉಳಿಯದಷ್ಟು ಸಲ ಹಾಕಿದೆ. ಎಲ್ಲವೂ ನನ್ನ ಮತ್ತು ಪೆಟ್ಟಿಗೆಯ ನಡುವೆ ಎಲ್ಲೋ ಗಾಳಿಯಲ್ಲಿ ನಿಂತಿತ್ತು.

ಮಲಿಕಾಬಿ ಗಲ್ಲೆಯಿಂದ ನೋಟು ತೆಗೆದು ಹಿಡಿದಳು. "ಇದನ್ನ ತಗೊಳ್ಳಂಗಿಲ್ಲೇನೋ ಅದು?"

"ಅದಕ್ಕ ಬಾಯಿಲ್ಲರಿ."

"ಬಾಯಿಲ್ಲದ್ದು ಅಂಗಡಿ ಯಾಕ ಇಡಬೇಕು?"

ಆಸ್ಪತ್ರೆಗೆ ಫೋನ್ ಮಾಡಿದಾಗ ಅಜ್ಜನ ಹಾಸಿಗೆಯನ್ನು ಬೇರೆಯವರಿಗೆ ಕೊಟ್ಟಾಗಿತ್ತು. ಗುರುವಾರ ಬೆಳಿಗ್ಗೆ ಬನ್ನಿ, ಅಲ್ಲಿಯವರೆಗೆ ನೀರು ಕಡಿಮೆ ಕೊಡಿ ಎಂದರು.

ತಿರುಗಿ ಬರುವಾಗ ಅಜ್ಜ, "ಛಲೋ ಆತು ತಗೋ, ಒಂದಿನ ಸೂಜಿ ತಪ್ಪಿತು," ಎಂದು ನಕ್ಕ. ಅಜ್ಜಿ ನಗಲಿಲ್ಲ.

ಎಪ್ರಿಲ್ 16, ಬುಧವಾರ

ಅಜ್ಜನ ಕಾಲು ಬಾತಿವೆ. ಬೆರಳಿನಿಂದ ಒತ್ತಿದರೆ ಕುಳಿ ಬೀಳುತ್ತದೆ, ಹಾಗೇ ಉಳಿಯುತ್ತದೆ.

ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ದಿಂಬು ಕೊಟ್ಟು ಕೂರಿಸಿದ್ದೇವೆ. ಉಸಿರಿನೊಳಗೆ ಹುಕ್ಕಾ ಗುಡುಗುಡಿಯಂಥ ಶಬ್ದ. ಅಪ್ಪ ಬೀಜದಂಗಡಿಯ ಮಾಲಿಗಾಗಿ ರಾಣೆಬೆನ್ನೂರಿಗೆ ಹೋಗಿದ್ದಾನೆ, ನಾಳೆ ನೇರವಾಗಿ ಆಸ್ಪತ್ರೆಗೆ ಬರುತ್ತಾನೆ. ಬಾಡಿಗೆ ಗಾಡಿ ಕೇಳಿ ಬಂದೆ. ಲಗ್ನದ ಸೀಜನ್ನು. ಊರಿನ ಎರಡೂ ಜೀಪು ಬೀಗರ ಪಾಲಾಗಿವೆ.

ಅಜ್ಜಿಯ ಖಾತೆಗೆ ಹಾಕಿದ ಮುಂಗಡ ಎಲ್ಲ ಬಂದು ಸೇರಿದೆ. ತೆರೆದು ನೋಡಿದೆ. ಮತ್ತೆ ನೋಡಿದೆ. ಇದೆ.

ನನಗೆ ಹೆದರಿಕೆಯೇನಿಲ್ಲ. ಸುಮ್ಮನೆ ಅಜ್ಜನ ಕೋಣೆಯ ಬಾಗಿಲಲ್ಲೇ ಕುಳಿತು ಬರೆಯುತ್ತಿದ್ದೇನೆ. ಇಲ್ಲಿ ಬೆಳಕು ಚೆನ್ನಾಗಿದೆ.

ಎಪ್ರಿಲ್ 17, ಗುರುವಾರ. ಹುಬ್ಬಳ್ಳಿ, ಆಸ್ಪತ್ರೆಯ ಪಡಸಾಲೆ

ಅಜ್ಜ ಒಳಗಿದ್ದಾನೆ. ಗಾಜಿನ ಬಾಗಿಲು ಹಾಕಿದ್ದಾರೆ. ಅಪ್ಪ ಡಾಕ್ಟರರ ಹತ್ತಿರ ಹೋಗಿದ್ದಾನೆ. ಅಜ್ಜಿ ಎದುರಿನ ಬೆಂಚಿನ ಮೇಲಿದ್ದಾಳೆ, ನನ್ನ ಜೊತೆ ಮಾತಾಡುತ್ತಿಲ್ಲ. ಕೈ ಸುಮ್ಮನಿರಲಿ ಎಂದು ಬರೆಯುತ್ತೇನೆ.

ಬೆಳಿಗ್ಗೆ ಮಲಿಕಾಬಿಯ ಅಂಗಡಿ ಮುಟ್ಟುವಾಗ ಕಾರಿನಲ್ಲಿ ಚಾರ್ಜು ತಳ ಕಂಡಿತ್ತು. ಗನ್ ಸಿಕ್ಕಿಸಿದೆ. ಅಜ್ಜಿಯ ಖಾತೆಯಿಂದ ಒತ್ತಿದೆ. ತಕ್ಷಣ ಹಸಿರು. ಗುಂಯ್ ಎಂದು ಶುರುವಾಯಿತು. ಆ ಶಬ್ದಕ್ಕಿಂತ ಚಂದದ್ದನ್ನು ನಾನು ಕೇಳಿಲ್ಲ. ಹುಬ್ಬಳ್ಳಿಗೆ ಸಾಲುವಷ್ಟು ಏರಿತು. ಸಾಕೆಂದು ನಿಲ್ಲಿಸಿದೆ.

ಗನ್ ಬಿಡಲಿಲ್ಲ.

ಆ್ಯಪಿನಲ್ಲಿ ಕೆಂಪು ಅಕ್ಷರ: "ಪಾವತಿ ಬಾಕಿ. ಖಾತೆಯನ್ನು ತಡೆಹಿಡಿಯಲಾಗಿದೆ." ಮುಂಗಡ ಅಲ್ಲೇ ಇದೆ, ನನ್ನ ಕಣ್ಣಿಗೆ ಕಾಣುತ್ತಿದೆ, ಪೆಟ್ಟಿಗೆಗೆ ಅದನ್ನು ತೆಗೆದುಕೊಳ್ಳಲು ಅಪ್ಪಣೆಯಿಲ್ಲ. ಪಾವತಿಯಾಗದೆ ಗನ್ನಿನ ಕೀಲಿ ತೆರೆಯುವುದಿಲ್ಲ. ಗನ್ ತೆಗೆಯದೆ ಕಾರು ಮುಂದೆ ಹೋಗುವುದಿಲ್ಲ. ಪೆಟ್ಟಿಗೆಯ ಕೆಂಪು ಗುಂಡಿ ಗುದ್ದಿದೆ. ಪೆಟ್ಟಿಗೆ ಸತ್ತ ಹಾಗೆ ಕಪ್ಪಾಗಿ ಮತ್ತೆ ಎದ್ದಿತು, ಕೀಲಿ ಹಾಗೇ ಇತ್ತು. ಬಾನೆಟ್ಟಿನ ಕೆಳಗೆ ಎಳೆಯುವ ದಾರವೊಂದು ಇರುತ್ತದೆಂದು ಕೇಳಿದ್ದೆ. ಎಳೆದೆ. ಹಳೆಯ ಕಾರು. ದಾರ ನನ್ನ ಕೈಗೆ ಬಂತು.

ಹಿಂದಿನ ಸೀಟಿನಲ್ಲಿ ಅಜ್ಜ ಮುಂದಕ್ಕೆ ಬಾಗಿ, ಎರಡೂ ಕೈ ಮೊಣಕಾಲಿಗೆ ಊರಿ ಉಸಿರೆಳೆಯುತ್ತಿದ್ದ. ತುಟಿ ನೇರಳೆ ಹಣ್ಣು ತಿಂದವರ ತುಟಿಯಂತಾಗಿತ್ತು. ಮಶಾಕಸಾಬ ಆಂಬುಲೆನ್ಸಿಗೆ ಫೋನ್ ಮಾಡಿ, ರಸ್ತೆಗೆ ಹೋಗಿ ಬಂದ ಬಂದ ಗಾಡಿಗೆ ಕೈ ಮಾಡತೊಡಗಿದ. ಆಂಬುಲೆನ್ಸು ಹೊರಟಿದೆ ಎಂದರು. ಯಾವ ಗಾಡಿಯೂ ನಿಲ್ಲಲಿಲ್ಲ.

ನಾನು ಸಹಾಯವಾಣಿಗೆ ಹಚ್ಚಿದೆ. ಹೆಣ್ಣು ದನಿ, ಬೆಂಗಳೂರು ಕಡೆಯ ಮಾತು. ಹೆಸರು ರಾಜೇಶ್ವರಿ ಎಂದಳು. ಪೇಷೆಂಟ್ ಇದ್ದಾರೆ, ಗನ್ ಬಿಡಿಸಿ ಎಂದೆ.

"ಸರ್, ಮಂಗಳವಾರ ಈ ಖಾತೆಯಿಂದ ತುಂಬಾ ಸಲ ಪಾವತಿ ವಿಫಲ ಆಗಿದೆ. ಅದಕ್ಕೂ ಮುಂಚೆ ಯಾರೋ ಗಂಡಸರು ಹೆಂಗಸಿನ ದನಿಯಲ್ಲಿ ಕರೆ ಮಾಡಿದ್ದಾರೆ ಅಂತ ಇಲ್ಲಿ ದಾಖಲಾಗಿದೆ. ಅದಕ್ಕೇ ತಡೆ ಬಿದ್ದಿದೆ. ಖಾತೆದಾರರೇ ಗುಪ್ತಪ್ರಶ್ನೆಗೆ ಉತ್ತರ ಹೇಳಬೇಕು."

"ಅವನು ನಾನೇ ರೀ. ಚಾಷ್ಟಿಗೆ, ನಗಸಾಕಂತ ಮಾಡಿದ್ದೆ. ಉತ್ತರ ನಾ ಹೇಳ್ತೀನಿ, ಬರಕೊಳ್ರಿ, ಶಂಕ್ರಪ್ಪ."

"ನೀವು ಹೇಳಿದರೆ ಆಗಲ್ಲ ಸರ್. ಹೇಳಿಕೊಡೋ ಹಾಗೂ ಇಲ್ಲ. ಅಮ್ಮನಿಗೆ ಫೋನ್ ಕೊಡಿ."

ನಾನು ಅಜ್ಜಿಯ ಹತ್ತಿರ ಓಡಿದೆ. ಅಜ್ಜಿ ಅಜ್ಜನ ಬೆನ್ನು ತೀಡುತ್ತಿದ್ದಳು.

"ಅಜ್ಜಿ, ಅಜ್ಜನ ಹೆಸರ ಹೇಳಬೇಕಂತ. ನೀನೇ ಹೇಳಬೇಕಂತ. ಹೇಳಿದ್ರ ಗನ್ ಬಿಡತೈತಿ."

ಅಜ್ಜಿ ತಲೆಯೆತ್ತಿ ನೋಡಿದ ನೋಟವನ್ನು ನಾನು ಸಾಯುವವರೆಗೆ ಮರೆಯಲಾರೆ. ಸಿಟ್ಟಲ್ಲ. ಅಸಹ್ಯ.

"ಇಂಥಾ ಹೊತ್ತಿನ್ಯಾಗೂ ಚಾಷ್ಟಿ ಹಚ್ಚೀಯೇನೋ? ನಿನಗ ಕರಳ ಅನ್ನೂದು ಐತೋ ಇಲ್ಲೋ?"

"ಇಲ್ಲ ಬೇ. ಖರೇ. ಆಣಿ ಮಾಡ್ತೀನಿ."

"ಆಣಿ ಮಾಡಿ ಎಷ್ಟ್ ಸಲ ನಗಿಸೀದಿ? ಹೋಗು, ಯಾವದರೆ ಗಾಡಿ ನೋಡು, ಹೋಗು!"

ನಾನು ಏನಾದರೂ ಹೇಳಬೇಕಿತ್ತು. ಎಷ್ಟು ಸುಳ್ಳುಗಳನ್ನು ಖರೇ ಅನ್ನಿಸುವ ಹಾಗೆ ಹೇಳಿದವನು ನಾನು! ಈ ಒಂದು ಖರೇ ಮಾತಿಗೆ ನನ್ನಲ್ಲಿ ದನಿಯೇ ಇರಲಿಲ್ಲ. ಫೋನ್ ಹಿಡಿದ ಕೈ ನಡುಗಿ ಕಾರಿನ ಬಾಗಿಲಿಗೆ ಟಕಟಕ ಬಡಿಯುತ್ತಿತ್ತು. ನಿಲ್ಲಿಸಲು ನೋಡಿದೆ, ನಿಲ್ಲಲಿಲ್ಲ. ಅಜ್ಜಿ ಆ ಕೈಯನ್ನು ನೋಡಿದಳು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವಳ ಮುಖ ಬೇರೆಯಾಯಿತು.

"ಖರೇನ?" ಎಂದಳು.

ಹೌದೆಂದು ಗೋಣು ಹಾಕಿದೆ.

ಅಜ್ಜಿ ನಂಬಿದಳು. ಆದರೆ ನಂಬಿದ ಮೇಲೆ ಮೊದಲಿಗಿಂತ ಹೆಚ್ಚು ಹೆದರಿದಳು. ಕಾರಿನಿಂದ ಇಳಿದು ದೂರ ಸರಿದು ನಿಂತಳು. "ನನ್ನ ಕೈಲಿ ಆಗಂಗಿಲ್ಲೋ ತಮ್ಮಾ. ಬ್ಯಾರೆ ದಿನಾ ಆಗಿದ್ರ ಮಾತ ಬ್ಯಾರೆ. ಇವರು ಹಿಂಗ ಕುಂತಾಗ, ನನ್ನ ಬಾಯಿಲೆ ಹೆಸರ ತಗಿ ಅಂತೀಯಲ್ಲ. ನಾನೇ ಕೊಂದಂಗ ಆಕ್ಕೈತಿ."

"ಹೇಳದಿದ್ರ ಇಲ್ಲೇ..." ಎಂದೆ. ಮುಂದಿನ ಮಾತು ನನಗೂ ಬಾಯಿಂದ ತೆಗೆಯಲಾಗಲಿಲ್ಲ.

ಮಲಿಕಾಬಿ ಒಲೆ ಬಿಟ್ಟು ಬಂದಳು. ಅಜ್ಜಿಯ ರಟ್ಟೆ ಹಿಡಿದಳು. "ಗುರವ್ವಕ್ಕಾ, ಒಡಪಿನ್ಯಾಗ ಹೇಳ್ರಿ. ಒಡಪಿನ್ಯಾಗ ಹೇಳಿದ್ರ ದೋಷ ಇಲ್ಲಲ್ಲಾ? ಲಗ್ನದಾಗ ಹೇಳೀರಿಲ್ಲೋ?"

ಅಜ್ಜಿ ಫೋನ್ ಇಸಿದುಕೊಂಡಳು. ತಲೆಯ ಮೇಲೆ ಸೆರಗು ಹೊದ್ದಳು. ಕಣ್ಣು ಮುಚ್ಚಿದಳು. ದನಿ ಹೊರಡುವಾಗ ಅದು ಕುಬಸದ ಮನೆಯ ದನಿಯಾಗಿರಲಿಲ್ಲ.

"ಹೆಸರ ಕೇಳ್ಯಾಳ ಹುಡುಗಿ, ಹುಸಿ ಹೇಳಲಾರೆ ನಾ, ಕುಸುಬಿ ಹೊಲದ ಒಡೆಯ..."

ಕುಂಯ್ ಎಂದು ಕರೆ ಕಡಿಯಿತು. ಹೆಸರಿನ ಬಾಗಿಲಲ್ಲಿ.

ಮತ್ತೆ ಹಚ್ಚಿದೆ. ಕನ್ನಡಕ್ಕೆ ಒಂದನ್ನು ಒತ್ತಿ. ಒತ್ತಿದೆ. ಹಾಡು ಬಂತು. ನಿಮ್ಮ ಕರೆ ನಮಗೆ ಮುಖ್ಯ ಎಂದಿತು. ಹಾಡು ಬಂತು. ಅಜ್ಜನ ತಲೆ ಮುಂದಿನ ಸೀಟಿಗೆ ತಾಗಿ ನಿಂತಿತ್ತು. ಗುಡುಗುಡಿಯ ಶಬ್ದ ಸಣ್ಣದಾಗಿತ್ತು. ಅದು ದೊಡ್ಡದಾದಾಗ ಹೆದರಿದ್ದೆ, ಈಗ ಸಣ್ಣದಾದದ್ದಕ್ಕೆ ಹೆದರಿದೆ.

ಅದೃಷ್ಟಕ್ಕೆ ಅದೇ ರಾಜೇಶ್ವರಿ. "ಹೇಳಿ ಅಮ್ಮ."

ಅಜ್ಜಿ ಈ ಸಲ ಕಣ್ಣು ಮುಚ್ಚಲಿಲ್ಲ. ರಸ್ತೆಯಾಚೆಯ ಹೊಲ ನೋಡುತ್ತ ಹೇಳಿದಳು:

"ಕರಿ ಎರಿ ಹೊಲದಾಗ ಬಿಳಿಜೋಳ ತೆನಿ ಬಾಗಿ,
ಕರ ಮುಗಿತೀನಿ ತಾಯಿ, ಶಂಕ್ರಪ್ಪನವರ ಸಲುವಾಗಿ."

ಮಲಿಕಾಬಿ ಮೂಗು ಒರೆಸಿಕೊಂಡಳು. ಆಮೇಲೆ ಆ ಹುಡುಗಿ ತಗ್ಗಿದ ದನಿಯಲ್ಲಿ, "ಅಮ್ಮ, ತುಂಬಾ ಚೆನ್ನಾಗಿದೆ. ಆದರೆ ನನ್ನ ಪರದೆ ಒಪ್ಪುತ್ತಿಲ್ಲ. ಇದು ಯಂತ್ರ ಕೇಳಿಸಿಕೊಳ್ಳೋದು. ಹೆಸರು ಮಾತ್ರ ಹೇಳಬೇಕಂತೆ. ಹಿಂದೆ ಮುಂದೆ ಏನೂ ಇರಬಾರದು. ದಯವಿಟ್ಟು," ಎಂದಳು.

ಅಜ್ಜಿ ನನ್ನ ಮುಖ ನೋಡಿದಳು. ಮಲಿಕಾಬಿಯ ಮುಖ ನೋಡಿದಳು. ಅಜ್ಜಿ ಕಾರಿನ ಬಾಗಿಲಿಗೆ ಬಂದಳು. ಒಳಗೆ ಬಗ್ಗಿ, ಒಂದು ಕೈಯನ್ನು ಅಜ್ಜನ ತಲೆಯ ಮೇಲಿಟ್ಟಳು, ಏನೋ ಬೀಳದ ಹಾಗೆ ಒತ್ತಿ ಹಿಡಿದವರಂತೆ. ಇನ್ನೊಂದು ಕೈಯಲ್ಲಿ ಫೋನು.

"ಶಂಕ್ರಪ್ಪ," ಎಂದಳು.

ಅಜ್ಜ ಕಣ್ಣು ತೆರೆದು "ಹಾಂ?" ಎಂದ.

ಟಕ್ ಎಂದು ಗನ್ನಿನ ಕೀಲಿ ಬಿಟ್ಟಿತು. ಯಾವುದು ಮೊದಲು ಆಯಿತು ಎಂದು ಈಗ ನೆನಪು ಮಾಡಿಕೊಂಡರೆ ಸ್ಪಷ್ಟವಾಗುತ್ತಿಲ್ಲ.

ಆಮೇಲಿನದು ರಸ್ತೆ. ಹಾರ್ನ್ ಒತ್ತಿದ ಕೈ ತೆಗೆಯಲಿಲ್ಲ. ಶಿರಗುಪ್ಪಿಯ ಹತ್ತಿರ ಅಜ್ಜಿ ಹಿಂದಿನಿಂದ, "ಮಾತಾಡ್ರಿ, ಏನರೆ ಮಾತಾಡ್ರಿ," ಎನ್ನುತ್ತಿದ್ದಳು. ಉತ್ತರ ಕೇಳಿಸುತ್ತಿರಲಿಲ್ಲ. ಕನ್ನಡಿಯಲ್ಲಿ ಹಿಂದೆ ನೋಡುವ ಧೈರ್ಯ ನನಗಿರಲಿಲ್ಲ.

ಡಾಕ್ಟರರು ಹೊರಗೆ ಬರುತ್ತಿದ್ದಾರೆ.

ಎಪ್ರಿಲ್ 18, ಶುಕ್ರವಾರ

ಬದುಕಿದ್ದಾನೆ.

ಪುಪ್ಪುಸದಲ್ಲಿ ನೀರು ತುಂಬಿತ್ತಂತೆ. ತೆಗೆದಿದ್ದಾರೆ. ಇನ್ನೂ ಎರಡು ದಿನ ಇಲ್ಲೇ. ಸಂಜೆ ಒಳಗೆ ಬಿಟ್ಟರು. ಅಜ್ಜ ಬಾಯಿಯ ಮೇಲಿನ ಮುಸುಕು ಸರಿಸಿ ನನ್ನನ್ನು ಹತ್ತಿರ ಕರೆದ.

"ಕಾಶ್ಯಾ, ನಿನ್ನೆ ಯಾರೋ ನನ್ನ ಹೆಸರ ಹಿಡದ ಕರದರು. ಹೆಣ್ಣ ದನಿ. ಇಷ್ಟ ಸಲಿಗಿಲೆ ಕರೆಯಾಕಿ ಯಾರಪಾ ಇಕಿ, ನೋಡೂಣು ಅಂತ ಕಣ್ ತಗದೆ. ಯಾರು ಅವರು?"

ಅಜ್ಜಿ ಕಿಟಕಿಯ ಕಡೆ ತಿರುಗಿದಳು.

"ಗೊತ್ತಿಲ್ಲಜ್ಜಾ," ಎಂದೆ.

ಎಪ್ರಿಲ್ 22, ಮಂಗಳವಾರ

ಅಜ್ಜ ಮನೆಗೆ ಬಂದಿದ್ದಾನೆ. ಇವತ್ತಿನ ಪಾಳಿ ಆಯಿತು, ಅಪ್ಪ ಬಾಡಿಗೆ ಗಾಡಿ ಮಾಡಿದ್ದ. ಹೊಸ ಟಿ.ಸಿ. ಕೂಡ ಬಂದಿದೆ. ಓಣಿಯ ಹುಡುಗರು ಚಪ್ಪಾಳೆ ತಟ್ಟಿದರು. ನಾನು ಹೋಗಲಿಲ್ಲ, ಅಜ್ಜನ ಊಟದಲ್ಲಿ ಉಪ್ಪು ನೋಡುವ ಕೆಲಸವಿತ್ತು.

ಅಜ್ಜಿ ಸರಿಯಿಲ್ಲ. ಒಂದೇ ಹೊತ್ತು ಉಣ್ಣುತ್ತಾಳೆ. ಅಜ್ಜ ಕೆಮ್ಮಿದರೆ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಮಧ್ಯಾಹ್ನ ನನ್ನನ್ನು ಹಿತ್ತಲಿಗೆ ಕರೆದಳು.

"ತಮ್ಮಾ, ಆ ಹುಡುಗಿ ಹೆಸರ ಕೇಳಿದ್ಲಲ್ಲಾ, ಅದನ್ನ ಬರದ ಇಟ್ಟಿರತಾಳೇನು?"

"ದನಿ ಇಟ್ಟಿರತಾರಂತ."

"ಅಳಸಾಕ ಬರತೈತೇನು? ಅಳಸಿದ್ರ ಹೇಳೇ ಇಲ್ಲದಂಗ ಆಕ್ಕೈತೇನೋ."

ಮೊದಲಾಗಿದ್ದರೆ ಇದಕ್ಕೆ ಏನೆಲ್ಲ ಉತ್ತರ ಹೊಳೆಯುತ್ತಿದ್ದವು. ಇಂದು ಅವಳ ಮೊಬೈಲ್ ಇಸಿದುಕೊಂಡೆ. ಆ್ಯಪಿನಲ್ಲಿ ಅಜ್ಜಿಯ ಖಾತೆ ಮುಚ್ಚಿದೆ. ನನ್ನ ಹೆಸರಿನ ಖಾತೆಯ ಗುಪ್ತಪ್ರಶ್ನೆಗೆ ಓದಿದ ಶಾಲೆಯನ್ನು ಕೊಟ್ಟೆ. ಶಾಲೆಯ ಸರಿಯಾದ ಹೆಸರನ್ನೇ ಬರೆದೆ.

ಆಮೇಲೆ ಸಹಾಯವಾಣಿಗೆ ಹಚ್ಚಿ, ನನ್ನದೇ ದನಿಯಲ್ಲಿ, ಹೋದ ಸಲ ನಕಲು ಮಾಡಿದವನು ನಾನೇ, ಮನ್ನಿಸಿ ಎಂದು ಹೇಳಿದೆ. ಆ ಕಡೆ ಬೇರೆ ಯಾರೋ ಇದ್ದರು. ಅವರಿಗೆ ಏನೂ ತಿಳಿಯಲಿಲ್ಲ.

ಎಪ್ರಿಲ್ 29, ಮಂಗಳವಾರ

ಇವತ್ತು ಮತ್ತೆ ನನ್ನದೇ ಸಾರಥ್ಯ. ರಾತ್ರಿಯಿಡೀ ಮನೆಯಲ್ಲಿ ಹಚ್ಚಿದ್ದರಿಂದ ಕಾರು ತುಂಬಿತ್ತು. ಆದರೂ ಮಲಿಕಾಬಿಯ ಅಂಗಡಿಯ ಹತ್ತಿರ ನಿಲ್ಲಿಸಿ ಸ್ವಲ್ಪ ಹಾಕಿಸಿದೆ. ಅವಶ್ಯವಿರಲಿಲ್ಲ. ಇರಲಿ ಎಂದು.

ಮಲಿಕಾಬಿ ಅಜ್ಜನಿಗೆ ಅರ್ಧ ಕಪ್ಪು ಚಹಾ ತಂದಳು. ನಾನು ಅದರಲ್ಲೂ ಅರ್ಧ ಚೆಲ್ಲಿಸಿದೆ, ನೀರಿನ ಲೆಕ್ಕವಿದೆ. ಅಜ್ಜ, "ಇವನೇ ಕಿಡ್ನಿ ಡಾಕ್ಟರ ಆಗ್ಯಾನ," ಎಂದು ಗೊಣಗಿ ಸೀಟಿಗೆ ತಲೆಯಾನಿಸಿದ.

ಗನ್ ಹಚ್ಚಿ ಬಂದು ನೋಡಿದರೆ ಅಜ್ಜನ ತಲೆ ಒಂದು ಕಡೆ ವಾಲಿತ್ತು. ಬಾಯಿ ಸ್ವಲ್ಪ ತೆರೆದಿತ್ತು.

"ಅಜ್ಜಾ," ಎಂದೆ. ಇಲ್ಲ. "ಅಜ್ಜಾ!" ಇಲ್ಲ.

ಬಾಗಿಲು ಹಿಡಿದುಕೊಂಡೆ. ಅಜ್ಜಿ ಆ ಕಡೆಯ ಬಾಗಿಲು ತೆಗೆದು ಒಳಗೆ ಬಂದಳು. "ಏನ್ರಿ, ಕೇಳಿದ್ರೇನು," ಎಂದಳು. ಭುಜ ಅಲ್ಲಾಡಿಸಿದಳು. ಆ ಮೇಲೆ ಹೆದರಿದ ಸಣ್ಣ ದನಿಯಲ್ಲಿ, ಸುತ್ತ ಯಾರಿದ್ದಾರೆಂದೂ ನೋಡದೆ, "ಶಂಕ್ರಪ್ಪ," ಎಂದಳು.

ಅಜ್ಜನ ಮೀಸೆ ಅಲುಗಿತು.

ಅಜ್ಜಿ ಅದನ್ನು ಕಂಡಳು. ನೆಟ್ಟಗಾದಳು. ಸೊಂಟಕ್ಕೆ ಕೈಯಿಟ್ಟಳು.

"ಲೇ ಶಂಕ್ರಪ್ಪಾ!" ಎಂದು ಒದರಿದಳು, ರಸ್ತೆಯಾಚೆಯ ಹೊಲದಲ್ಲಿದ್ದವರು ತಿರುಗಿ ನೋಡುವ ಹಾಗೆ.

ಅಜ್ಜ ಒಂದು ಕಣ್ಣು ತೆರೆದ. "ಅಬ್ಬಾ. ಇನ್ನೊಂದ ಸಲ ಕೇಳಬೇಕು ಅನಿಸಿತ್ತು. ‘ಲೇ’ ಹಚ್ಚಿ ಸಿಗತೈತಿ ಅಂತ ಗೊತ್ತಿರಲಿಲ್ಲ."

ಮಲಿಕಾಬಿ ಕಂಬ ಹಿಡಿದು ನಕ್ಕಳು. ಮಶಾಕಸಾಬ ನಕ್ಕ. ಅಜ್ಜಿ ಮೊದಲು ಅಜ್ಜನ ತೊಡೆಗೊಂದು ಕೊಟ್ಟಳು, ಆ ಮೇಲೆ ಸೆರಗಿನೊಳಗೆ ಮುಖ ಹಾಕಿ ನಕ್ಕಳು, ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಸಂಜೆ ಎರಡು ರೊಟ್ಟಿ ಉಂಡಳೆಂದು ಇಲ್ಲಿ ನಮೂದಿಸುತ್ತೇನೆ.

ನಾನು ಮಾತ್ರ ನಗಲಿಲ್ಲ. "ಇಂಥಾ ಚಾಷ್ಟಿ ಮಾಡಬಾರದು ಅಜ್ಜಾ. ಮಂದಿ ಜೀವ ಹೋಗತೈತಿ. ವಯಸ್ಸಾದವರಿಗೆ ಒಂದ ಜವಾಬ್ದಾರಿ ಇರಬೇಕು," ಎಂದು ಕಟ್ಟುನಿಟ್ಟಾಗಿ ಹೇಳಿದೆ. ಅದಕ್ಕೆ ಎಲ್ಲರೂ ಮೊದಲಿಗಿಂತ ಜೋರಾಗಿ ಯಾಕೆ ನಕ್ಕರೋ ನನಗೆ ಅರ್ಥವಾಗಲಿಲ್ಲ.

ಪೆಟ್ಟಿಗೆಯ ಹಿಂದೆ ಹೋಗಿ ನಿಂತುಕೊಂಡೆ. ಹಸಿರು ದೀಪ ಹತ್ತಿತು, ಗನ್ನಿನ ಕೀಲಿ ಟಕ್ ಎಂದಿತು. "ಪಾವತಿ ಯಶಸ್ವಿ" ಎಂದು ಬಂತು. ಓದಿದೆ. ಕಾರಿನ ಕಡೆ ನೋಡಿದೆ. ಅಜ್ಜ ಕಣ್ಣು ತೆರೆದೇ ಇದ್ದ, ಅಜ್ಜಿಯ ಜೊತೆ ಜಗಳಾಡುತ್ತಿದ್ದ. ತಿರುಗಿ ಇನ್ನೊಮ್ಮೆ ಓದಿದೆ.